ಕಣ್ಣು ನೋಡೋಕೆ ಚೆನ್ನಾಗೇ ಇದೆ, ಆದ್ರೆ ಕಾಣ್ಸಲ್ಲ ಅಂತಾರೆ

ಈ ಸಲ ಬಂದಿರೋ ಪತ್ರಗಳಲ್ಲಿ ತಲೆಗೆ ಪೆಟ್ಟಾಗಿ ದೃಷ್ಟಿ ಹೋದೋರ ಮನೆಯವರದ್ದೇ ಜಾಸ್ತಿ. ಹಾಗಾಗಿ ಪೂರ್ತಿ ಅಂಕಣ ಅದಕ್ಕೇ.

*ಡಾಕ್ಟ್ರೇ, ನಮ್ಮ ಯಜಮಾನ್ರು ಮೆಣಸು ಕೊಯ್ಯೋವಾಗ ಏಣಿ ಜಾರಿ ಬಿದ್ರು. ಬಲಗಡೆ ಹುಬ್ಬಿನ ಹತ್ರ ಗಾಯ, ಸ್ಟಿಚ್ ಹಾಕಿ ಕಳ್ಸಿದ್ರು. ಕಣ್ಣು ಊದಿ ಮುಚ್ಚೋಗಿತ್ತು, ಊತ ಇಳಿದ್ಮೇಲೆ ನೋಡಿದ್ರೆ ಆ ಕಣ್ಣಲ್ಲಿ ಬರೀ ಮಬ್ಬು ಬೆಳಕು ಅಷ್ಟೇ. ನರಕ್ಕೆ ಪೆಟ್ಟಾಗಿದೆ ಅಂದ್ರು, ಆದ್ರೆ ಸ್ಕ್ಯಾನಲ್ಲಿ ಏನೂ ಇಲ್ವಂತೆ. ಅತ್ತೆ ನಂದಿಬಟ್ಟಲು ಹೂವಿನ ರಸ ಬಿಡು ಅಂತಾರೆ, ಮೈದುನ ಕೆಲ್ಸ ತಪ್ಪಿಸ್ಕೊಳ್ಳೋಕೆ ನಾಟ್ಕ ಅಂತಾನೆ. ವಾಪಸ್ ಬರುತ್ತಾ?*
– ಮೂಡಿಗೆರೆ ಕಡೆಯ ಓದುಗರು

ಮೊದ್ಲು ನಿಮ್ಮ ಮೈದುನನ ಮಾತಿಗೆ ಉತ್ತರ ಕೊಡ್ತೀನಮ್ಮ, ಯಾಕಂದ್ರೆ ಮನೆಯಲ್ಲಿ ಈ ಮಾತು ಕೇಳಿ ಕುಗ್ಗಿ ಹೋಗಿರೋರನ್ನ ನಾನು ತುಂಬ ನೋಡಿದೀನಿ. ರೂಮು ಕತ್ತಲೆ ಮಾಡಿ ಟಾರ್ಚ್ ಬೆಳಕನ್ನ ಒಳ್ಳೆ ಕಣ್ಣಿಂದ ಪೆಟ್ಟಾದ ಕಣ್ಣಿಗೆ ತಟ್ಟಂತ ಸರಿಸಿದ್ರೆ ಪಾಪೆ ಚಿಕ್ಕದಾಗೇ ಇರ್ಬೇಕು, ನರಕ್ಕೆ ಪೆಟ್ಟಾಗಿದ್ರೆ ಬೆಳಕು ಬೀಳ್ತಿದ್ರೂ ಅದು ನಿಮ್ಮ ಕಣ್ಣೆದುರೇ ದೊಡ್ಡದಾಗುತ್ತೆ. ಇದನ್ನ ಯಾರೂ ಬೇಕಂತ ಮಾಡೋಕಾಗಲ್ಲ. ಮುಂದಿನ ಸಲ ತೋರಿಸೋಕೆ ಹೋದಾಗ ಮೈದುನನ್ನೂ ಕರ್ಕೊಂಡು ಹೋಗಿ, ಡಾಕ್ಟ್ರಿಗೆ ಹೇಳಿ ಅವನ ಎದುರಿಗೇ ಮಾಡ್ಸಿ.

ಇನ್ನು ಕಣ್ಣು ಚೆನ್ನಾಗೇ ಇದ್ದು ಯಾಕೆ ಕಾಣ್ಸಲ್ಲ ಅಂದ್ರೆ, ಬಲ್ಬ್ ಸರಿ ಇದೆ, ವೈರ್ ಹೋಗಿದೆ. ಕಣ್ಣುಗುಡ್ಡೆ ಹಿಂದಿಂದ ಮೆದುಳಿನ ಕಡೆಗೆ ಸುಮಾರು 5 ಸೆಂಟಿಮೀಟರ್ ಉದ್ದದ ದೃಷ್ಟಿನರ ಹೋಗುತ್ತೆ, ಅದ್ರೊಳಗೆ ಹತ್ತು ಲಕ್ಷಕ್ಕೂ ಮೇಲೆ ಎಳೆಗಳಿವೆ, ಮಧ್ಯದಲ್ಲಿ ಒಂದು ಸೆಂಟಿಮೀಟರ್ ಹತ್ರ ದೂರ ಅದು ಮೂಳೆಯೊಳಗಿನ ಇಕ್ಕಟ್ಟು ದಾರಿಯಲ್ಲಿ ಹಾಯ್ಬೇಕು. ಹುಬ್ಬಿಗೆ, ಅದರಲ್ಲೂ ಹುಬ್ಬಿನ ಹೊರತುದಿಗೆ ಪೆಟ್ಟು ಬಿದ್ರೆ ಅದರ ರಭಸ ಮೂಳೆ ಹಿಡ್ಕೊಂಡು ನೇರ ಅಲ್ಲಿಗೇ ಹೋಗುತ್ತೆ, ಎಳೆ ಹರಿಯುತ್ತೆ, ಸಣ್ಣ ರಕ್ತನಾಳ ಕಿತ್ತೋಗುತ್ತೆ, ಆಮೇಲೆ ನರ ಊದ್ಕೊಂಡ್ರೆ ಜಾಗ ಇಲ್ದೆ ಇನ್ನಷ್ಟು ಹಿಸುಕುತ್ತೆ. ಮೂಳೆ ಮುರಿಯದೇನೂ ಇದೆಲ್ಲ ಆಗ್ಬೋದು, ಅದಕ್ಕೇ ಸ್ಕ್ಯಾನ್ ನಾರ್ಮಲ್. ಕಣ್ಣೊಳಗೆ ನೋಡಿದ್ರೂ ಶುರುವಲ್ಲಿ ನರದ ತುದಿ ಚೆನ್ನಾಗೇ ಕಾಣುತ್ತೆ, ಅದು ಬಿಳಿಚಿಕೊಳ್ಳೋದು ನಾಲ್ಕಾರು ವಾರ ಆದ್ಮೇಲೆ.

ವಾಪಸ್ ಬರುತ್ತಾ ಅಂದ್ರೆ, ಔಷಧಿ ಇಲ್ದೇನೇ ಅರ್ಧದಷ್ಟು ಜನಕ್ಕೆ ಒಂದು ಮಟ್ಟಿಗೆ ಸುಧಾರಿಸಿರೋ ದಾಖಲೆಗಳಿವೆ, ಸುಧಾರಿಸೋದು ಅಂದ್ರೆ ಮೊದಲಿನಂಗೆ ಅಂತಲ್ಲ. ಶುರುವಲ್ಲಿ ಎಷ್ಟು ಕಾಣ್ತಿತ್ತು ಅನ್ನೋದ್ರ ಮೇಲೇ ಎಲ್ಲ ನಿಂತಿದೆ, ಬೆಳಕೂ ಗೊತ್ತಾಗದೆ ಇದ್ದೋರಿಗೆ ಆಸೆ ಕಮ್ಮಿ, ನಿಮ್ಮವರಿಗೆ ಬೆಳಕು ಗೊತ್ತಾಗ್ತಿದೆಯಲ್ಲ, ಅದು ಒಳ್ಳೇದೇ. ಆದ್ರೆ ಹೂವಿನ ರಸ ಬೇಡಮ್ಮ, ಅತ್ತೆಗೆ ಪ್ರೀತಿಯಿಂದಾನೇ ಹೇಳಿ, ರಸ ಬೀಳೋದು ಕಣ್ಣಿನ ಮುಂದೆ, ಪೆಟ್ಟಾಗಿರೋದು ತಲೆಯ ಮೂಳೆಯೊಳಗೆ, ಅಲ್ಲಿಗೆ ಅದು ತಲುಪಲ್ಲ, ಬದಲಿಗೆ ಕಣ್ಣು ಕೀವಾಗಿ, ಇರೋ ಅಷ್ಟು ದೃಷ್ಟಿಯೂ ಹಾಳಾಗ್ಬೋದು.

ಏಣಿ ಮಾತ್ರ ಸದ್ಯಕ್ಕೆ ಬೇಡವೇ ಬೇಡ. ಒಂದು ಕಣ್ಣಲ್ಲಿ ದೂರ ಹತ್ರದ ಅಂದಾಜು ತಪ್ಪುತ್ತೆ, ಕಾಫಿ ಬಗ್ಗಿಸಿದ್ರೆ ಲೋಟದ ಪಕ್ಕಕ್ಕೆ ಬೀಳುತ್ತೆ, ಮೆಟ್ಟಿಲು ಇಳಿಯೋವಾಗ ಕಾಲು ಗಾಳಿಯಲ್ಲಿ ಹೋಗುತ್ತೆ. ಕೆಲವು ತಿಂಗಳಲ್ಲಿ ತಲೆ ಇದಕ್ಕೆ ಹೊಂದ್ಕೊಳ್ಳುತ್ತೆ, ಅಲ್ಲೀವರೆಗೆ ನೆಲದ ಮೇಲಿನ ಕೆಲ್ಸ ಕೊಡಿ. ಮತ್ತೆ ಉಳಿದ ಕಣ್ಣಿಗೆ ಪಾಲಿಕಾರ್ಬೊನೇಟ್ ಅನ್ನೋ, ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್ಕಿನ ಕನ್ನಡಕ ಈ ವಾರಾನೇ ಮಾಡ್ಸಿ, ಪವರ್ ಇಲ್ದಿದ್ರೂ ಸರಿ. ತೋಟದಲ್ಲಿ ಮರಗಸಿ, ಅಂದ್ರೆ ನೆರಳು ಮರದ ರೆಂಬೆ ಕಡಿಯೋ ಕೆಲ್ಸ, ಮಾಡೋವಾಗ ಒಂದು ರೆಂಬೆ ಸಿಡಿದ್ರೆ ಸಾಕು.

*ಮಗ ಬೈಕಿಂದ ಬಿದ್ದು ಎಡಗಣ್ಣಿನ ನರ ಹೋಗಿದೆ, ಹೆಲ್ಮೆಟ್ ಹಾಕಿರ್ಲಿಲ್ಲ. ಎಂಟು ಗಂಟೆ ಒಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿದ್ರೆ ಕಣ್ಣು ಉಳೀತಿತ್ತು ಅಂತ ನೆಂಟರೊಬ್ರು ಹೇಳಿದಾಗಿಂದ ನನಗೆ ನಿದ್ದೆ ಇಲ್ಲ. ನಾವು ತಡ ಮಾಡಿದ್ವಾ?*
– ಹಾಸನದ ತಂದೆ

ಇಲ್ಲ ಸಾರ್, ಈ ಭಾರ ನೀವು ಹೊರಬೇಡಿ. ಆ ಎಂಟು ಗಂಟೆ ಲೆಕ್ಕ ಬಂದಿದ್ದು ಬೆನ್ನುಹುರಿ ಪೆಟ್ಟಿನ ಬಗ್ಗೆ 1990ರಲ್ಲಿ ಬಂದ ಒಂದು ಅಧ್ಯಯನದಿಂದ, ಅದನ್ನ ಕಣ್ಣಿನ ನರಕ್ಕೂ ಎಳ್ಕೊಂಡು ಬಂದ್ರು. 1999ರಲ್ಲಿ ಹಲವು ದೇಶದ ಡಾಕ್ಟ್ರುಗಳು ಸೇರಿ ಇಂಥ 133 ರೋಗಿಗಳನ್ನ ಹೋಲಿಸಿ ನೋಡಿದ್ರು, ಸ್ಟೀರಾಯ್ಡ್ ಕೊಟ್ಟೋರಿಗಾಗ್ಲಿ ಆಪರೇಷನ್ ಆದೋರಿಗಾಗ್ಲಿ ಸುಮ್ನೆ ಬಿಟ್ಟೋರಿಗಿಂತ ಹೆಚ್ಚು ಲಾಭ ಆಗಿದ್ದು ಕಾಣ್ಲಿಲ್ಲ. 2004ರಲ್ಲಿ ತಲೆಗೆ ಪೆಟ್ಟಾದ ಹತ್ತು ಸಾವಿರ ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು, ಹೈ ಡೋಸ್ ಸ್ಟೀರಾಯ್ಡ್ ಕೊಟ್ಟ ಗುಂಪಲ್ಲೇ ಸಾವು ಜಾಸ್ತಿ. ನಿಮ್ಮ ಹುಡುಗನ ತಲೆಗೂ ಪೆಟ್ಟಾಗಿತ್ತಲ್ಲ, ಕೊಡದೆ ಇದ್ದಿದ್ದು ತಪ್ಪು ಅಂತ ಯಾರೂ ಹೇಳೋ ಹಂಗಿಲ್ಲ.

ಆದ್ರೆ ತಡ ಮಾಡ್ಲೇಬಾರದ ಒಂದು ಸಂದರ್ಭ ಇದೆ, ಎಲ್ಲರೂ ಓದ್ಕೊಳ್ಳಿ. ಪೆಟ್ಟಾದ್ಮೇಲೆ ಕಣ್ಣು ಮುಂದಕ್ಕೆ ಉಬ್ಬಿ ಕಲ್ಲಿನಂಗೆ ಗಟ್ಟಿಯಾಗಿ, ನೋವು ಹೆಚ್ಚಾಗಿ, ದೃಷ್ಟಿ ನೋಡ್ತಾ ನೋಡ್ತಾ ಇಳೀತಾ ಇದ್ರೆ ಹಿಂದೆ ರಕ್ತ ತುಂಬ್ಕೊಂಡು ನರ ಒತ್ತುತಿದೆ ಅಂತ, ರೆಪ್ಪೆಯ ಹೊರತುದಿ ಹತ್ರ ಸಣ್ಣದಾಗಿ ಕೊಯ್ದು ಒತ್ತಡ ಇಳಿಸ್ಬೇಕು, ಅದೂ ಒಂದೆರಡು ಗಂಟೆ ಒಳಗೆ. ಬೆಂಗಳೂರಿಗೆ ಹೋಗೋಣ ಅಂತ ಕಾರು ಹುಡುಕ್ತಾ ಕೂರಬೇಡಿ, ಹತ್ತಿರದ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೇ ನುಗ್ಗಿ. ಹುಬ್ಬಿಗೆ ಪೆಟ್ಟು ಬಿದ್ದೋರು ಯಾರೇ ಆಗ್ಲಿ, ಅವತ್ತೇ ಒಂದೊಂದೇ ಕಣ್ಣು ಮುಚ್ಚಿ ಬೆರಳು ಎಣಿಸಿ ನೋಡಿ. ಎರಡೂ ಕಣ್ಣು ಬಿಟ್ಕೊಂಡಿದ್ರೆ ಒಂದು ಹೋಗಿರೋದು ಗೊತ್ತೇ ಆಗಲ್ಲ, ಊತ ಇದ್ರೆ ಡಾಕ್ಟ್ರ ಕೈಲೇ ರೆಪ್ಪೆ ಬಿಡಿಸಿ ನೋಡ್ಸಿ.

*ನನ್ನ ಒಂದು ಕಣ್ಣು ಮಗಳಿಗೆ ಹಾಕ್ಸೋಕಾಗುತ್ತಾ? ನನಗೆ ವಯಸ್ಸಾಯ್ತು, ಅವಳಿಗೆ ಇಪ್ಪತ್ತೆರಡು.*
– ಅರಸೀಕೆರೆಯ ತಾಯಿ

ತಾಯಿ, ಆಗಲ್ಲ, ಇದನ್ನ ಬರೆಯೋದು ನನಗೂ ಕಷ್ಟ. ನೇತ್ರದಾನದಲ್ಲಿ ತೀರಿಕೊಂಡೋರ ಕಣ್ಣಿಂದ ತಗೊಳ್ಳೋದು ಮುಂದಿನ ಪಾರದರ್ಶಕ ಪದರ, ಕಾರ್ನಿಯಾ ಮಾತ್ರ, ನಿಮ್ಮ ಮಗಳ ಕಾರ್ನಿಯಾ ಸರಿಯಾಗೇ ಇದೆ, ಪೆಟ್ಟಾಗಿರೋದು ಹಿಂದಿನ ದೃಷ್ಟಿನರಕ್ಕೆ. ದೃಷ್ಟಿನರ ಮೆದುಳಿನದೇ ಭಾಗ, ಕಡಿದ್ರೆ ಮತ್ತೆ ಚಿಗುರಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬರಿಗೆ ಇಡೀ ಕಣ್ಣನ್ನೇ ಕಸಿ ಮಾಡಿದ್ರು, ಆ ಕಣ್ಣಿಗೆ ರಕ್ತ ಹರೀತು, ಜೀವಂತವಾಗೇ ಉಳೀತು, ದೃಷ್ಟಿ ಮಾತ್ರ ಬರ್ಲಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಬರ್ಸ್ತೀವಿ ಅಂತ ಲಕ್ಷಗಟ್ಟಲೆ ಕೇಳೋರು ಸಿಗ್ತಾರೆ, ಅದು ಇನ್ನೂ ಸಾಬೀತಾಗಿಲ್ಲ, ದಯವಿಟ್ಟು ಮನೆ ಒಡವೆ ಅಡ ಇಡಬೇಡಿ. ಆ ದುಡ್ಡಲ್ಲಿ ಅವಳ ಓದು ಮುಂದುವರೀಲಿ, ಒಂದು ಕಣ್ಣಲ್ಲಿ ಓದು ಬರಹ ಪೂರ್ತಿ ಆಗುತ್ತೆ.

*ಗೂಡ್ಸ್ ಆಟೋ ಓಡಿಸ್ತಿದ್ದೆ, ಆಕ್ಸಿಡೆಂಟಲ್ಲಿ ಒಂದು ಕಣ್ಣು ಪೂರ್ತಿ ಹೋಯ್ತು. ಅಂಗವಿಕಲ ಸರ್ಟಿಫಿಕೇಟಲ್ಲಿ 30 ಪರ್ಸೆಂಟ್ ಬರೆದಿದ್ದಾರೆ. ಇದು ಸರೀನಾ?*
– ಚಿಕ್ಕಮಗಳೂರು

ನಿಯಮದ ಪ್ರಕಾರ ಸರಿ. ಇನ್ನೊಂದು ಕಣ್ಣು ಚೆನ್ನಾಗಿದ್ರೆ 30 ಪರ್ಸೆಂಟ್ ಅಂತಾನೇ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ಸೌಲಭ್ಯಕ್ಕೆ 40 ಬೇಕು. ಕಣ್ಣು ಕಳ್ಕೊಂಡು ಕಸುಬೂ ಕಳ್ಕೊಂಡೋರಿಗೆ ಇದು ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ. ಆದ್ರೆ ಅಪಘಾತ ಪರಿಹಾರದ ಕೇಸಲ್ಲಿ ಈ ಪರ್ಸೆಂಟೇ ಕೊನೆ ಅಲ್ಲ, ನಿಮ್ಮ ದುಡಿಮೆಗೆ ಎಷ್ಟು ಏಟು ಬಿತ್ತು ಅನ್ನೋದನ್ನ ನೋಡ್ಬೇಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ, ವಕೀಲರ ಹತ್ರ ಇದನ್ನ ಬಾಯಿಬಿಟ್ಟು ಕೇಳಿ. ಆಕ್ಸಿಡೆಂಟ್ ದಿನದ ಆಸ್ಪತ್ರೆ ಚೀಟಿ, ಅದ್ರಲ್ಲಿ ದೃಷ್ಟಿ ಎಷ್ಟಿತ್ತು ಅಂತ ಬರೆದಿದ್ರೆ ಅದನ್ನ ಜೋಪಾನ ಮಾಡಿ, ಜೆರಾಕ್ಸ್ ಎರಡು ಮಾಡಿಸಿಡಿ, ಕಣ್ಣು ಹೋಗಿದ್ದು ಆ ಪೆಟ್ಟಿಂದಲೇ ಅಂತ ತೋರಿಸೋಕೆ ಅದೇ ಆಧಾರ.