ಅಕ್ಷರ ಕೆಟ್ಟಿದ್ದೇಕೆ, ಕಪ್ಪು ಮಸುಕಾದದ್ದೇಕೆ?

ಪ್ರಶ್ನೆ: ಲಗ್ನಪತ್ರಿಕೆಯನ್ನು ಮನೆಯಲ್ಲೇ ಕೋರಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಮಾಡಿ ಮೈಸೂರಿನ ಪ್ರೆಸ್ಸಿಗೆ ಕೊಟ್ಟೆವು. ಅಲ್ಲಿ ತೆರೆದರೆ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಅಕ್ಷರವೆಲ್ಲ ಇಂಗ್ಲಿಷ್ ಕಲಸುಮೇಲೋಗರ. ಅದನ್ನು ಸರಿಪಡಿಸಿ ಅಚ್ಚು ಹಾಕಿಸಿದರೆ ಸಣ್ಣ ಅಕ್ಷರಗಳ ಕಪ್ಪು ಮಸುಕು. ತಪ್ಪು ಎಲ್ಲಿ?
– ಓದುಗರು, ಮಂಡ್ಯ

ಉತ್ತರ: ಎರಡೂ ಬೇರೆ ಬೇರೆ ತಪ್ಪು. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ರೂಪಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್ ಅಡಿಯಲ್ಲಿರುವ ಇಂಗ್ಲಿಷನ್ನೇ ತೋರಿಸುತ್ತದೆ. ಕರಡು ತಿದ್ದಿ ಮುಗಿದ ಮೇಲೆ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ, ಆ ಪ್ರತಿಯಲ್ಲಿ ಅಕ್ಷರಗಳನ್ನೆಲ್ಲ ಆಯ್ದು ಕಂಟ್ರೋಲ್ ಮತ್ತು ಕ್ಯೂ ಒತ್ತಿ. ಅಕ್ಷರಗಳು ಕರ್ವ್ (ಬರೀ ಗೆರೆಯ ಆಕಾರ) ಆಗುತ್ತವೆ, ಫಾಂಟಿನ ಹಂಗು ತಪ್ಪುತ್ತದೆ. ಮೂಲ ಫೈಲ್ ಮಾತ್ರ ಜೋಪಾನ. ಕರ್ವ್ ಆದಮೇಲೆ ಬೀಗರ ಹೆಸರು ತಪ್ಪಿದ್ದರೂ ಟೈಪ್ ಮಾಡಿ ತಿದ್ದಲಾಗದು.

ಎಲ್ಲ ಕಂಪ್ಯೂಟರಿಗೂ ಸಮಾನವಾದ ಅಕ್ಷರಸಂಕೇತವಾದ ಯೂನಿಕೋಡಿಗೆ ಪರಿವರ್ತಿಸುವುದಾದರೆ ಅರ್ಕಾವತ್ತಿನ ಮೇಲೆ ಕಣ್ಣಿಡಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ. ‘ಆಶೀರ್ವದಿಸಬೇಕಾಗಿ’ ಎಡವುವುದು ಅಲ್ಲೇ.

ಇನ್ನು ಕಪ್ಪು. ಆರ್‌ಜಿಬಿಯಲ್ಲಿ (ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕ) ಕೊಟ್ಟ ಕಪ್ಪು ಮುದ್ರಣಕ್ಕೆ ಬದಲಾಗುವಾಗ ಸಾಮಾನ್ಯವಾಗಿ ನಾಲ್ಕೂ ಶಾಯಿಗೆ ಹಂಚಿಹೋಗುತ್ತದೆ. ಹಾಳೆ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಣ್ಣ ಇಣುಕುತ್ತದೆ, ಒತ್ತಕ್ಷರದ ಸಣ್ಣ ಸಂದುಗಳು ತುಂಬಿಕೊಳ್ಳುತ್ತವೆ. ಸಿಎಂವೈಕೆಯಲ್ಲಿ (ಮುದ್ರಣದ ನಾಲ್ಕು ಶಾಯಿಗಳ ಲೆಕ್ಕ) ಕೆ, ಅಂದರೆ ಕಪ್ಪು, 100, ಉಳಿದ ಮೂರು ಸೊನ್ನೆ ಇಡಿ. ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿಹೋಗುವ ಹೆಚ್ಚುವರಿ ಅಂಚು) ಬಿಡಿ. ಫೋಟೊ ಅಚ್ಚಾಗುವ ಅಳತೆಯಲ್ಲೇ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ: 4×6 ಇಂಚಿಗೆ 1200×1800 ಪಿಕ್ಸೆಲ್. ವಾಟ್ಸಾಪಿನಲ್ಲಿ ಕಳಿಸುವಿರಾದರೆ ಫೋಟೊವಾಗಿ ಬೇಡ, ಡಾಕ್ಯುಮೆಂಟಾಗಿ ಕಳಿಸಿ.

ಪ್ರಶ್ನೆ: ಕಂಪ್ಯೂಟರ್ ಬರುವ ಮೊದಲು ಈ ಫಜೀತಿಗಳು ಇರಲಿಲ್ಲವೇ?
– ಓದುಗರು, ಮೈಸೂರು

ಉತ್ತರ: ಇವು ಇರಲಿಲ್ಲ, ಬೇರೆ ಇದ್ದವು. ಅಚ್ಚುಮೊಳೆ ಪ್ರೆಸ್ಸಿನ ಖಾನೆಯಲ್ಲೇ ಇರುತ್ತಿದ್ದುದರಿಂದ ಫಾಂಟ್ ಕಳೆಯುವ ಮಾತಿಲ್ಲ; ಒಂದು ಅಕ್ಷರದ ಮೊಳೆ ಸಾಲದೆ ಬಂದರೆ ಪುಟವೇ ಕಾಯಬೇಕಿತ್ತು. ತಗಡಿನ ಪ್ಲೇಟಿನಿಂದ ಅಚ್ಚು ಹಾಕುವ ಆಫ್‌ಸೆಟ್ಟಿನಲ್ಲಿ ಅಕ್ಷರದ ತುಂಡುಗಳನ್ನು ಬೋರ್ಡಿಗೆ ಅಂಟಿಸುವವರೊಬ್ಬರು, ಕ್ಯಾಮೆರಾದಲ್ಲಿ ಫಿಲ್ಮ್ ತೆಗೆಯುವವರೊಬ್ಬರು. 1984ರ ಮ್ಯಾಕಿಂಟಾಷ್ ಕಂಪ್ಯೂಟರ್, 1985ರ ಲೇಸರ್‌ರೈಟರ್ ಪ್ರಿಂಟರ್ ಮತ್ತು ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಆ ಕೆಲಸಗಳನ್ನು ಒಂದೇ ಮೇಜಿಗೆ ತಂದವು. ಕೈ ಬದಲಾಗುವಾಗ ತಪ್ಪು ಸಿಕ್ಕಿಬೀಳುತ್ತಿದ್ದ ಸಂದರ್ಭಗಳೂ ಹೋದವು, ಅದೇ ನಷ್ಟ. ಹಾಗಾಗಿ ಪ್ಲೇಟ್ ಮಾಡುವ ಮೊದಲು ಕಾಗದದ ಪ್ರೂಫ್ ಕೇಳಿ, ಫೈಲ್ ಮಾಡಿದವರಲ್ಲದೆ ಇನ್ನೊಬ್ಬರು ಓದಲಿ. ಲೇಸರ್ ಪ್ರಿಂಟಿನಲ್ಲಿ ಕಾಗುಣಿತ ಮಾತ್ರ ನೋಡಿ. ಅದರ ಬಣ್ಣ ಆಫ್‌ಸೆಟ್ಟಿನ ಬಣ್ಣವಲ್ಲ.