ಮಾವಿನ ಪರಿಮಳದ ಆವಿಯಲ್ಲಿ ಏನಿದೆ?

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗನ ಕೋಣೆಯಲ್ಲಿ ಆಗಾಗ ಮಾವಿನಹಣ್ಣಿನ ವಾಸನೆ ಬರುತ್ತಿತ್ತು. ವಿಚಾರಿಸಿದಾಗ ವೇಪ್, ಅಂದರೆ ಇ-ಸಿಗರೇಟ್, ಸೇದುತ್ತಿರುವುದಾಗಿ ಒಪ್ಪಿಕೊಂಡ. ‘ಇದು ಬರೀ ನೀರಾವಿ ಅಮ್ಮ, ಐಸ್‌ಕ್ರೀಮಿಗೆ ಹಾಕುವ ಎಸೆನ್ಸನ್ನೇ ಇದಕ್ಕೂ ಹಾಕುತ್ತಾರೆ’ ಎನ್ನುತ್ತಾನೆ. ಇದು ನಿಜವೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಎಸೆನ್ಸಿನ ಮಾತು ಬಹುಮಟ್ಟಿಗೆ ನಿಜ, ನೀರಾವಿಯ ಮಾತು ನಿಜವಲ್ಲ. ವೇಪ್‌ನ ದ್ರವದಲ್ಲಿ ಮುಖ್ಯವಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಇವುಗಳ ಜೊತೆಗೆ ಪರಿಮಳದ ರಾಸಾಯನಿಕಗಳೂ ಸಾಮಾನ್ಯವಾಗಿ ನಿಕೋಟಿನ್ನೂ ಸೇರಿರುತ್ತವೆ. ಬತ್ತಿಯು ಹೀರಿಕೊಂಡ ಈ ದ್ರವವನ್ನು ಬ್ಯಾಟರಿಯಿಂದ ಬಿಸಿಯಾಗುವ ಸಣ್ಣ ಸುರುಳಿ ಕಾಯಿಸಿದಾಗ ಅದು ಆವಿಯಾಗಿ, ಕೂಡಲೇ ತಣಿದು, ಅತಿಸೂಕ್ಷ್ಮ ಹನಿಗಳ ಮಂಜಾಗುತ್ತದೆ. ನಿಮ್ಮ ಮಗ ಒಳಗೆಳೆದುಕೊಳ್ಳುತ್ತಿರುವುದು ಆ ಹನಿಗಳನ್ನು.

ಮಾವಿನ ‘ರುಚಿ’ಯಲ್ಲಿ ನಾಲಿಗೆಯ ಪಾಲು ಕಡಿಮೆ. ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿಯಂಥ (ಅಣಬೆ, ಟೊಮೆಟೊಗಳಲ್ಲಿ ಸಿಗುವ ರುಚಿ) ಕೆಲವೇ ರುಚಿಗಳನ್ನು ನಾಲಿಗೆ ಗುರುತಿಸುತ್ತದೆ. ಹಣ್ಣು ಯಾವುದೆಂದು ತಿಳಿಸುವುದು ಗಂಟಲ ಹಿಂಭಾಗದಿಂದ ಮೂಗಿಗೆ ಏರುವ ವಾಸನೆ. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದೆರಡು ಏಲಕ್ಕಿ ಕಾಳುಗಳನ್ನು ಅಗಿದು ನೋಡಿ. ತುಸು ಖಾರ, ತುಸು ತಂಪು ಬಾಯಿಗೆ ತಟ್ಟುತ್ತದೆ. ಏಲಕ್ಕಿಯ ಘಮ ತಿಳಿಯುವುದು ಮೂಗು ಬಿಟ್ಟ ಮೇಲೆಯೇ. ತಯಾರಕರು ಬಳಸಿಕೊಳ್ಳುವುದು ಇದನ್ನೇ. ಬಾಳೆಹಣ್ಣಿನ ಪರಿಮಳ ಬರಿಸಲು ಐಸೊಅಮೈಲ್ ಅಸಿಟೇಟ್, ಚೆರ್ರಿಗೆ ಬೆಂಜಾಲ್ಡಿಹೈಡ್, ವೆನಿಲ್ಲಾಕ್ಕೆ ವೆನಿಲಿನ್ ಸಾಕು. ‘ಐಸ್’ ಎಂಬ ಹೆಸರಿನವುಗಳಲ್ಲಿ ಮೆಂಥಾಲ್ ಅಥವಾ ಅದರಂಥ ವಸ್ತುವಿರುತ್ತದೆ. ಅದು ಗಂಟಲನ್ನು ತಣ್ಣಗಾಗಿಸುವುದಿಲ್ಲ, ಚಳಿಯನ್ನು ಗುರುತಿಸುವ ನರಗಳನ್ನು ಕೆರಳಿಸುತ್ತದೆ. ಇದರಿಂದ ನಿಕೋಟಿನ್ನಿನ ಒರಟುತನ ಮರೆಯಾಗಿ, ಹೊಸಬರಿಗೂ ಸೇದುವುದು ಸಲೀಸಾಗುತ್ತದೆ. ನನಗೆ ಹೆಚ್ಚು ಕಳವಳ ಹುಟ್ಟಿಸುವ ಸಂಗತಿ ಇದು.

ಇನ್ನು ಐಸ್‌ಕ್ರೀಮಿನ ವಾದ. ಎಸೆನ್ಸುಗಳಿಗೆ ಸಿಕ್ಕಿರುವ ಒಪ್ಪಿಗೆ ತಿನ್ನುವುದಕ್ಕೆ ಮಾತ್ರ, ಕಾಯಿಸಿ ಉಸಿರಾಡುವುದಕ್ಕಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಮಿಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ದುಡಿದಿದ್ದವರಲ್ಲಿ ಶ್ವಾಸಕೋಶದ ಕಿರುನಾಳಗಳು ಗಾಯಗೊಂಡು ಮುಚ್ಚಿಕೊಳ್ಳುವ ಕಾಯಿಲೆ ಬೆಳಕಿಗೆ ಬಂತು; ಅದಕ್ಕೆ ನಂಟಿದ್ದದ್ದು ಬೆಣ್ಣೆಯ ಪರಿಮಳಕ್ಕೆ ಬಳಸುವ ಡೈಅಸಿಟೈಲ್ ಎಂಬ ವಸ್ತುವಿನ ಆವಿಗೆ. ಬೆಣ್ಣೆಯಲ್ಲಿ ಸಹಜವಾಗಿಯೇ ಇರುವ, ತಿಂದರೆ ತೊಂದರೆ ಕೊಡದ ವಸ್ತುವದು. ವೇಪ್ ಸೇದುವವರಿಗೆಲ್ಲ ಅದೇ ಕಾಯಿಲೆ ಬರುತ್ತದೆಂದು ಇದರ ಅರ್ಥವಲ್ಲ, ಆದರೆ ಕೆಲವು ವೇಪ್ ದ್ರವಗಳಲ್ಲಿಯೂ ಡೈಅಸಿಟೈಲ್ ಪತ್ತೆಯಾಗಿದೆ. ಸಾಲದ್ದಕ್ಕೆ, ವೆನಿಲಿನ್‌ನಂಥವು ಸೀಸೆಯಲ್ಲಿರುವಾಗಲೇ ಪ್ರೊಪಿಲೀನ್ ಗ್ಲೈಕಾಲ್ ಜೊತೆ ಸೇರಿ ಅಸಿಟಾಲ್ ಎಂಬ ಹೊಸ ಸಂಯುಕ್ತಗಳಾಗುತ್ತವೆ. ಸುರುಳಿ ಅತಿಯಾಗಿ ಕಾದರೆ ಕ್ಯಾನ್ಸರ್‌ಕಾರಕವಾದ ಫಾರ್ಮಾಲ್ಡಿಹೈಡ್ ಕೂಡ ಹುಟ್ಟುತ್ತದೆ.

ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆ ದೇಶದಾದ್ಯಂತ ಅದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ತಡೆದಿದೆ. ಹೀಗಿರುವಾಗ ಬೆಂಗಳೂರಿನಲ್ಲಿ ಕದ್ದುಮುಚ್ಚಿ ಮಾರುವ ವೇಪ್‌ನ ಮೇಲೆ ನಿಕೋಟಿನ್ನಿನ ಪ್ರಮಾಣ ಎಷ್ಟೆಂದು ಬರೆದಿದ್ದರೂ ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಒಂದೇ ಫ್ಲೇವರನ್ನು ಸ್ವಲ್ಪ ದಿನ ಸೇದಿದರೆ ಆಮೇಲೆ ಅದರ ರುಚಿಯೇ ತಿಳಿಯುವುದಿಲ್ಲ. ಏಕೆ?
– ಓದುಗರೊಬ್ಬರು, ಕೋರಮಂಗಲ, ಬೆಂಗಳೂರು

ಉತ್ತರ: ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಮೂಗೂ ಮೆದುಳೂ ಅದಕ್ಕೆ ಒಗ್ಗಿಕೊಂಡು ಲೆಕ್ಕಿಸುವುದನ್ನು ಬಿಡುತ್ತವೆ, ಹೊಸ ಫ್ಲೇವರ್ ತಂದರೆ ಘಮ ಮತ್ತೆ ತಿಳಿಯುವುದು ಇದರಿಂದಲೇ. ಪರಿಮಳ ಮಂಕಾದರೂ ನಿಕೋಟಿನ್ ಎಂದಿನಂತೆಯೇ ದೇಹ ಸೇರುತ್ತಿರುತ್ತದೆ. ರುಚಿ ಹೋದ ಮೇಲೂ ಕೈ ಅದರತ್ತಲೇ ಹೋಗುತ್ತಿದ್ದರೆ ಅದು ಚಟ. ಬಿಡುವ ಮನಸ್ಸಿದ್ದಲ್ಲಿ ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ. ನಮ್ಮ ನಿಮ್ಹಾನ್ಸ್‌ನಲ್ಲಿಯೂ ಇಂಥ ವ್ಯಸನಗಳಿಗೆ ಚಿಕಿತ್ಸೆ ಇದೆ.