ಹಾಲಲ್ಲ, ಹಲ್ಲು: ಸಂವಹನ ಸಾಧನ ಕೇಳಿಕೊಂಡು ಬಂದ ಒಂದು ಕುಟುಂಬ

ಮಂಗಳಾ ಅವರಿಗೆ 23 ವರ್ಷ. (ಹೆಸರನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ.) ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇದೆ. ಕಿವಿ ಚೆನ್ನಾಗಿ ಕೇಳುತ್ತದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಗೃಹಾಧಾರಿತ ಶಿಕ್ಷಣದಡಿ ಮನೆಗೆ ಬರುತ್ತಿದ್ದ ಶಿಕ್ಷಕಿಯಿಂದ ಕನ್ನಡ ಓದಲು ಕಲಿತಿದ್ದಾರೆ. ಆದರೆ ನಾಲಿಗೆ, ತುಟಿ ಮತ್ತು ಉಸಿರಿನ ಮೇಲೆ ಸಾಕಷ್ಟು ಹಿಡಿತವಿಲ್ಲದ ಕಾರಣ ಅವರ ಮಾತು ತಾಯಿಯನ್ನು ಬಿಟ್ಟರೆ ಬೇರೆಯವರಿಗೆ ತಿಳಿಯುವುದಿಲ್ಲ.

ತಾಯಿ ಮತ್ತು ಅಣ್ಣ ಅವರನ್ನು ನನ್ನ ಬಳಿಗೆ ಕರೆತಂದಿದ್ದರು. ಮಾತಾಡುವ ಯಂತ್ರವೇನಾದರೂ ಸರ್ಕಾರದಿಂದ ಸಿಗುತ್ತದೆಯೇ ಎಂಬುದು ಅಣ್ಣನ ಪ್ರಶ್ನೆ. ಹಿಂದಿನ ವರ್ಷ ಒಂದು ತಪಾಸಣಾ ಶಿಬಿರದಲ್ಲಿ, ಮನೆಯಲ್ಲಿ ಆಗಲೇ ಒಂದು ಗಾಲಿಕುರ್ಚಿ ಇದ್ದರೂ ಇನ್ನೊಂದನ್ನು ಕೊಟ್ಟು ಕಳಿಸಿದ್ದರಂತೆ. ಮಾತಿನ ವಿಷಯ ಎತ್ತಿದಾಗ ಅಂಥದ್ದು ಪಟ್ಟಿಯಲ್ಲಿಲ್ಲ ಎಂದರಂತೆ. ತಾಯಿಗೆ ಯಂತ್ರವೇ ಬೇಡವಾಗಿತ್ತು. “ಅವಳಿಗೇನು ಬೇಕೂಂತ ನಂಗೆ ಗೊತ್ತಾಗುತ್ತೆ ಮೇಡಂ. ಮಿಷನ್ ಕೊಟ್ಟರೆ ಇರೋ ನಾಲ್ಕು ಮಾತೂ ನಿಂತು ಹೋಗುತ್ತೆ” ಎಂದರು.

ಮೊದಲ ಅರ್ಧ ಗಂಟೆ ನಾನು ಮಂಗಳಾ ಅವರನ್ನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ತಾಯಿಯೇ ಉತ್ತರಿಸಿದರು. ಇದನ್ನು ತಪ್ಪೆಂದು ನಾನು ಬರೆದುಕೊಳ್ಳಲಿಲ್ಲ. 23 ವರ್ಷ ಒಬ್ಬರೇ ಹೊತ್ತುಕೊಂಡು ಬಂದ ಕೆಲಸವನ್ನು ಅವರು ಅಲ್ಲಿಯೂ ಮಾಡುತ್ತಿದ್ದರು, ಅಷ್ಟೆ. ಅಕ್ಷರಮಾಲೆಯ ಹಾಳೆಯನ್ನು ರಟ್ಟಿಗೆ ಅಂಟಿಸಿ ಮಂಗಳಾ ಅವರ ಮುಂದೆ ಹಿಡಿದೆ, ಮನೆಯವರಿಗೆ ತಿಳಿಯದೇ ಹೋದದ್ದು ಏನಾದರೂ ಇದ್ದರೆ ತೋರಿಸುವಂತೆ ಕೇಳಿಕೊಂಡೆ. ಎಡಗೈಯ ಮುಷ್ಟಿ ನಿಧಾನವಾಗಿ ‘ಹ’ದ ಮೇಲೆ ಬಂದು ನಿಂತಿತು, ಬಳಿಕ ‘ಲ’ದ ಮೇಲೆ. “ಹಾಲಾ ಮಗಾ?” ಎಂದು ತಾಯಿ ತಕ್ಷಣ ಕೇಳಿದರು. ಮಂಗಳಾ ತಲೆಯಾಡಿಸಿ ಅಲ್ಲವೆಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಬಾರದೆಂದು ಕೋರಿ ಮತ್ತೆ ಮೊದಲಿನಿಂದ ತೋರಿಸಲು ಹೇಳಿದೆ. ಹ, ಲ, ಇನ್ನೊಮ್ಮೆ ಲ, ಆಮೇಲೆ ಉ. ಮುಗಿಯಲು ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಆಮೇಲೆ ಮುಷ್ಟಿಯನ್ನು ಎಡಗೆನ್ನೆಗೆ ಒತ್ತಿಕೊಂಡರು. ಕೆಲವು ತಿಂಗಳಿಂದ ಅವರು ರೊಟ್ಟಿ ತಿನ್ನಲು ಒಪ್ಪದಿರುವುದನ್ನು ಮನೆಯಲ್ಲಿ ಹಟವೆಂದು ತಿಳಿದಿದ್ದರು. ತಾಯಿ ಆ ರಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ದಂತವೈದ್ಯರನ್ನು ಕಾಣುವುದು. ಎರಡನೆಯದು, ಸರ್ಕಾರದ ಸಾಧನಕ್ಕಾಗಿ ಕಾಯದೆ ಅಂದಿನಿಂದಲೇ ಅಕ್ಷರಫಲಕವನ್ನು ಬಳಸುವುದು. ಇಂಗ್ಲಿಷಿನ ಫಲಕಕ್ಕೆ 26 ಅಕ್ಷರ ಸಾಕು. ನಮ್ಮ ಲಿಪಿಯಲ್ಲಿ ಗುಣಿತ ಮತ್ತು ಒತ್ತು ಇಲ್ಲದಿದ್ದರೆ ಹಾಲು ಯಾವುದು, ಹಲ್ಲು ಯಾವುದು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಕೆಳಗಿನ ಸಾಲಿನಲ್ಲಿ ಗುಣಿತದ ಚಿಹ್ನೆಗಳನ್ನೂ ‘ಒತ್ತು’ ಎಂಬ ಒಂದು ಮನೆಯನ್ನೂ, ಮೂಲೆಯಲ್ಲಿ ‘ನೋವು’, ‘ಅದಲ್ಲ’, ‘ತಡಿ, ಇನ್ನೂ ಮುಗಿದಿಲ್ಲ’ ಎಂಬ ಮಾತುಗಳನ್ನೂ ಸೇರಿಸಿದೆವು. ಕೊನೆಯದನ್ನು ಸೇರಿಸಲು ಕೇಳಿದವರು ಮಂಗಳಾ ಅವರೇ. ಅವರು ಪದವನ್ನು ಮುಗಿಸುವ ಮೊದಲು ಊಹಿಸಿ ಹೇಳಬಾರದು ಎಂಬ ಒಂದೇ ನಿಯಮವನ್ನು ಮನೆಯವರೆಲ್ಲ ಪಾಲಿಸಬೇಕೆಂದು ಒತ್ತಾಯಪೂರ್ವಕವಾಗಿ ಹೇಳಿದೆ, ಏಕೆಂದರೆ ಎಷ್ಟೇ ಬೆಲೆಯ ಸಾಧನ ಬಂದರೂ ಎದುರಿಗಿರುವವರು ಎರಡು ನಿಮಿಷ ಕಾಯದಿದ್ದರೆ ಅದು ಕಪಾಟು ಸೇರುತ್ತದೆ, ಹಾಗೆ ಕಪಾಟು ಸೇರಿದವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಾಯಿಯ ಭಯಕ್ಕೂ ನೇರವಾಗಿ ಉತ್ತರಿಸಿದೆ. ಫಲಕ, ಯಂತ್ರಗಳಂಥ ಪರ್ಯಾಯ ಸಂವಹನದಿಂದ ಇರುವ ಮಾತು ಕುಗ್ಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಮಂಗಳಾ ತಾಯಿಯೊಡನೆ ಬಾಯಲ್ಲೇ ಮಾತಾಡುತ್ತಾರೆ, ಫಲಕ ಇರುವುದು ಹೊರಗಿನವರಿಗಾಗಿ.

ಇನ್ನು ಸರ್ಕಾರದ ನೆರವಿನ ವಿಷಯ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ನ್ಯೂನತೆಯೂ ಒಂದು, ಮತ್ತು ಸಂವಹನ ಎಂಬ ಪದಕ್ಕೆ ಆ ಕಾಯ್ದೆ ಕೊಡುವ ಅರ್ಥದಲ್ಲಿ ಪೂರಕ ಹಾಗೂ ಪರ್ಯಾಯ ವಿಧಾನಗಳೂ ಸೇರಿವೆ. ಮಂಗಳಾ ಅವರ ಪ್ರಮಾಣಪತ್ರದಲ್ಲಿ ಸೆರೆಬ್ರಲ್ ಪಾಲ್ಸಿ ಮಾತ್ರ ನಮೂದಾಗಿದ್ದು, ಮಾತಿನ ತೊಂದರೆಯ ಉಲ್ಲೇಖವೇ ಇರಲಿಲ್ಲ. ಶಿಬಿರದಲ್ಲಿ ಕಾಗದ ನೋಡಿದವರಿಗೆ ಕಾಲು ಮಾತ್ರ ಕಂಡಿದ್ದು ಇದರಿಂದಲೇ ಎಂದು ನನ್ನ ಅನಿಸಿಕೆ. ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಮರುಪರಿಶೀಲನೆ ಕೋರಿ, ಮಾತಿನ ನ್ಯೂನತೆಯನ್ನೂ ಸೇರಿಸಿ ಯುಡಿಐಡಿ ಕಾರ್ಡನ್ನು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ತಿದ್ದಿಸಿಕೊಳ್ಳುವಂತೆ ತಿಳಿಸಿದೆ.

ಸಾಧನ ಸಲಕರಣೆಗಳಿಗೆ ಕೇಂದ್ರದ ನೆರವು ಎಡಿಪ್ ಯೋಜನೆಯಿಂದ ಬರುತ್ತದೆ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವಿದ್ದು, ತಿಂಗಳ ಆದಾಯ 22,500 ರೂಪಾಯಿ ಮೀರದಿದ್ದರೆ ಪೂರ್ತಿ, 30,000 ರೂಪಾಯಿವರೆಗಿದ್ದರೆ ಅರ್ಧದಷ್ಟು ರಿಯಾಯಿತಿ ಸಿಗುತ್ತದೆ. ಮೂರು ವರ್ಷದೊಳಗೆ ನೆರವು ಪಡೆದಿರಬಾರದೆಂಬ ಷರತ್ತು ಅದೇ ಉದ್ದೇಶಕ್ಕೆ ಪಡೆದ ನೆರವಿಗೆ ಸಂಬಂಧಿಸಿದ್ದು. ಗಾಲಿಕುರ್ಚಿ ಪಡೆದದ್ದು ಸಂವಹನ ಸಾಧನ ಕೇಳಲು ಅಡ್ಡಿಯಾಗದು ಎಂಬುದನ್ನು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಸಿದೆ. ಬರಿ ಬಾಯಿಮಾತಿನಲ್ಲಿ ಕೇಳಿದರೆ ಪಟ್ಟಿಯಲ್ಲಿಲ್ಲ ಎಂಬ ಉತ್ತರವೂ ಬಾಯಿಮಾತಿನಲ್ಲೇ ಬಂದುಬಿಡುತ್ತದೆ. ಆದ್ದರಿಂದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಮಾಡಿಸಿ, ಕುಳಿತುಕೊಳ್ಳುವ ಭಂಗಿ, ಕೈಯ ಗುರಿ, ಓದುವ ಸಾಮರ್ಥ್ಯ ಇವನ್ನೆಲ್ಲ ನೋಡಿ ಯಾವ ಬಗೆಯ ಸಾಧನ ಹೊಂದುತ್ತದೆ ಎಂದು ತಜ್ಞರು ಬರೆದುಕೊಟ್ಟ ಶಿಫಾರಸನ್ನು ಅರ್ಜಿಗೆ ಲಗತ್ತಿಸಬೇಕೆಂದು ಹೇಳಿದೆ. ಗ್ರಾಮ ಪಂಚಾಯಿತಿಯು ವಿಕಲಚೇತನರಿಗಾಗಿ ಮೀಸಲಿಡಬೇಕಾದ ಶೇ. 5ರ ಅನುದಾನದಿಂದಲೂ ಕೇಳಬಹುದು. ಎಲ್ಲಿ ಅರ್ಜಿ ಕೊಟ್ಟರೂ ಸ್ವೀಕೃತಿ ಪಡೆಯಬೇಕು, ನಿರಾಕರಿಸಿದರೆ ಹಿಂಬರಹ ಕೇಳಬೇಕು. ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡುವ ಸಂದರ್ಭ ಬಂದರೆ ಆ ಹಿಂಬರಹವೇ ಆಧಾರ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಸೆರೆಬ್ರಲ್ ಪಾಲ್ಸಿಗೂ ಅನ್ವಯಿಸುವುದರಿಂದ ಅದನ್ನೂ ಮಾಡಿಸಲು ತಿಳಿಸಿದೆ.

ಅಣ್ಣನ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಬರೆದ ಕನ್ನಡವನ್ನು ಓದಿ ಹೇಳುವ ಸೌಲಭ್ಯವಿದೆ ಎಂದು ತೋರಿಸಿದೆ. ಐಐಟಿ ಬಾಂಬೆ ರೂಪಿಸಿರುವ ಜೆಲ್ಲೋ ಎಂಬ ಉಚಿತ ಆ್ಯಪ್ ಚಿತ್ರಗಳನ್ನು ಒತ್ತಿ ಮಾತಾಡುವವರಿಗೆ ಒಳ್ಳೆಯದು, ಆದರೆ ಓದು ಬರುವ ಮಂಗಳಾ ಅವರಿಗೆ ಅಕ್ಷರಗಳೇ ಹೆಚ್ಚು ಅನುಕೂಲ. ಫೋನಿನ ಕೀಲಿಗಳು ಅವರ ಮುಷ್ಟಿಗೆ ತೀರ ಚಿಕ್ಕವು. ದೊಡ್ಡ ಪರದೆಯ ಟ್ಯಾಬ್ ಮತ್ತು ಅದನ್ನು ಗಾಲಿಕುರ್ಚಿಗೆ ಬಿಗಿಯುವ ಹಿಡಿಕೆ ಬೇಕೆಂದು ಮೈಸೂರಿನ ಶಿಫಾರಸಿನಲ್ಲೂ ಬಂದಿದೆ.

ಮೂರನೆಯ ಭೇಟಿಯ ಹೊತ್ತಿಗೆ ಹಲ್ಲಿನ ಚಿಕಿತ್ಸೆ ಮುಗಿದಿತ್ತು. ಕಾರ್ಡಿನ ತಿದ್ದುಪಡಿ ಆಗಿದೆ, ಪಂಚಾಯಿತಿಯ ಸ್ವೀಕೃತಿ ಕೈಸೇರಿದೆ, ಟ್ಯಾಬ್ ಇನ್ನೂ ಮಂಜೂರಾಗಿಲ್ಲ. ಅರ್ಜಿಯ ಕರಡನ್ನು ನಾನು ಓದುತ್ತಿದ್ದಾಗ ಮಂಗಳಾ ತಡೆದು, ‘ಮಗಳಿಗೆ ಬೇಕು’ ಎಂದಿದ್ದ ಕಡೆ ‘ನನಗೆ’ ಎಂದು ತಿದ್ದಿಸಿದರು. ಕೆಳಗೆ ಹೆಬ್ಬೆಟ್ಟಿನ ಗುರುತೂ ಅವರದೇ.